ಕುಚ್ಚು ಕಟ್ಟುವ ಕೈ ನೋವಿಗೆ ಕುತ್ತಿಗೆ ಕಾರಣವಾಗಿತ್ತು

ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಮದುವೆ ಸೀಸನ್ ಬಂತೆಂದರೆ ದಿನಕ್ಕೆ ಏಳೆಂಟು ಗಂಟೆ ಸೀರೆಯನ್ನು ತೊಡೆ ಮೇಲೆ ಹರಡಿಕೊಂಡು, ತಲೆ ತಗ್ಗಿಸಿ ಕೂತಿರುತ್ತಿದ್ದೆ. ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು ಶುರುವಾಯಿತು. ಗಂಟು ಬಿಗಿಯುವಾಗ ಜಾಸ್ತಿ. ಬರಬರುತ್ತಾ ಚಪಾತಿ ಹಿಟ್ಟು ನಾದುವುದೂ ಕಷ್ಟವಾಯಿತು.

ಕೈ ನೋವು ಅಂದಮೇಲೆ ಕೈಗೇ ಔಷಧಿ ಅಲ್ವಾ? ಮುಲಾಮು ಹಚ್ಚಿದೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ. ಎರಡು ದಿನ ಕೆಲಸ ಬಿಟ್ಟರೆ ಕಡಿಮೆ, ಮತ್ತೆ ಕೂತರೆ ಅದೇ ಕಥೆ. ಡಾಕ್ಟರು ನರದ ಪರೀಕ್ಷೆ ಮಾಡಿಸಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿಲ್ಲ ಅಂತ ಬಂತು. ಫಿಸಿಯೋಥೆರಪಿಗೆ ಕಳಿಸಿದರು.

ಫಿಸಿಯೋ ಮೇಡಂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೀದಾ ಕುತ್ತಿಗೆಗೆ ಬಂದರು. ಬಲಗಡೆ, ಕಾಲರ್ ಮೂಳೆಯ ಸ್ವಲ್ಪ ಮೇಲೆ, ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿದರು. ಅಲ್ಲಿ ಹುರಿಯ ಹಾಗೆ ಏನೋ ಬಿಗಿದುಕೊಂಡಿತ್ತು. ಕೆಲವೇ ಸೆಕೆಂಡಿನಲ್ಲಿ ನೋವು ತೋಳಿನ ಹೊರಬದಿಯಲ್ಲಿ ಇಳಿದು ಹೆಬ್ಬೆರಳಿಗೆ ಬಂದು ನಿಂತಿತು. "ಇದೇ ಮೇಡಂ, ಇದೇ ನೋವು" ಅಂದೆ. ಕಣ್ಣಲ್ಲಿ ನೀರು ಬಂತು. ಕುತ್ತಿಗೆ ನೋಯುತ್ತದೆ ಅಂತ ನಾನು ಒಂದು ದಿನವೂ ಹೇಳಿದವಳಲ್ಲ.

ಕುತ್ತಿಗೆಯ ಪಕ್ಕದಲ್ಲಿ ಸ್ಕೇಲೀನ್ ಅಂತ ಮೂರು ಸ್ನಾಯುಗಳಿವೆಯಂತೆ. ಕುತ್ತಿಗೆ ಮೂಳೆಗಳಿಂದ ಹೊರಟು ಮೇಲಿನ ಎರಡು ಪಕ್ಕೆಲುಬುಗಳಿಗೆ ಅಂಟಿಕೊಂಡಿರುತ್ತವೆ. ಕೈಗೆ ಹೋಗುವ ನರಗಳ ಕಟ್ಟು ಇವುಗಳ ಸಂದಿಯಲ್ಲೇ ಹಾದು ಬರುತ್ತದೆ. ಬಿಗಿದ ಸ್ನಾಯು ತನ್ನ ನೋವನ್ನು ದೂರದ ಕೈಯಲ್ಲಿ ತೋರಿಸಬಹುದು. ನರವನ್ನೇ ಒತ್ತಿದರೆ ಜೋಮು ಹಿಡಿಯಬಹುದು. ನನ್ನದು ಮೊದಲನೆಯದು.

ಮೇಡಂ ಉಸಿರಿನ ಬಗ್ಗೆಯೂ ಕೇಳಿದರು. ಆವತ್ತು ಮನೆಗೆ ಬಂದು ಗಮನಿಸಿದೆ. ಸಣ್ಣ ಮಣಿ ಪೋಣಿಸುವಾಗ ಪ್ರತಿ ಸಲ ಉಸಿರು ಬಿಗಿಹಿಡಿಯುತ್ತಿದ್ದೆ, ಆಮೇಲೆ ಎದೆ ಎತ್ತಿ ಎಳೆದುಕೊಳ್ಳುತ್ತಿದ್ದೆ. ಉಸಿರೆಳೆಯುವಾಗ ಮೇಲಿನ ಪಕ್ಕೆಲುಬು ಎತ್ತುವುದು ಇದೇ ಸ್ನಾಯುಗಳು. ತಲೆಯ ಸುಮಾರು 5 ಕೆ.ಜಿ. ಭಾರದ ಜೊತೆಗೆ ಈ ಕೆಲಸವೂ ಅವಕ್ಕೆ ಬಿದ್ದಿತ್ತು.

ಮೊದಲು ಬದಲಿಸಿದ್ದು ಕೂರುವ ರೀತಿ. ಸೆರಗು ಈಗ ತೊಡೆ ಮೇಲಿಲ್ಲ, ಎದೆಯ ಎತ್ತರದ ಸ್ಟ್ಯಾಂಡಿನಲ್ಲಿದೆ. ಎಲ್ಲಕ್ಕಿಂತ ಉಪಯೋಗವಾದದ್ದು ಇದೇ ಅಂತ ನನಗನಿಸುತ್ತದೆ. ಬಲಗೈಯಲ್ಲಿ ಕುರ್ಚಿಯ ಅಂಚು ಹಿಡಿದು, ತಲೆಯನ್ನು ಎಡ ಭುಜದ ಕಡೆ ನಿಧಾನಕ್ಕೆ ವಾಲಿಸಿ 20 ಸೆಕೆಂಡ್ ಇರುತ್ತೇನೆ. ದಿನಕ್ಕೆ ನಾಲ್ಕೈದು ಸಲ. ಎಳೆತ ಗೊತ್ತಾಗಬೇಕು, ನೋಯಬಾರದು. ರಾತ್ರಿ ಮಲಗಿ, ಹೊಟ್ಟೆ ಮೇಲೆ ಕೈಯಿಟ್ಟು, ಹೊಟ್ಟೆ ಏರುವ ಹಾಗೆ ಐದು ನಿಮಿಷ ಉಸಿರಾಡುತ್ತೇನೆ. ಆರನೇ ವಾರಕ್ಕೆ ನೋವು ಮುಕ್ಕಾಲು ಪಾಲು ಇಳಿಯಿತು.

ಕುತ್ತಿಗೆಯ ಮುಂಭಾಗವನ್ನು ಮಾತ್ರ ನೀವೇ ಒತ್ತಲು ಹೋಗಬೇಡಿ. ಮಿದುಳಿಗೆ ರಕ್ತ ಒಯ್ಯುವ ನಾಳ ಅಲ್ಲೇ ಇದೆ. ಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಕೈಯಿಂದ ಸಾಮಾನು ಜಾರಿ ಬೀಳುತ್ತಿದ್ದರೆ, ಕೈ ಬಾತುಕೊಂಡು ಬಣ್ಣ ಬದಲಾದರೆ, ಮೊದಲು ಡಾಕ್ಟರ ಹತ್ತಿರ ಹೋಗಿ.

ಕಳೆದ ತಿಂಗಳು ಒಂದೇ ಮನೆಯ ಹನ್ನೊಂದು ಸೀರೆ ಬಂದಿದ್ದವು. ಅವಸರದಲ್ಲಿ ಮತ್ತೆ ತೊಡೆ ಮೇಲೆ ಹಾಕಿಕೊಂಡು ಕೂತೆ. ನಾಲ್ಕನೇ ದಿನ ಹೆಬ್ಬೆರಳಿನ ಬುಡ ಮಿಡಿಯತೊಡಗಿತು. ಎದ್ದು ಹೋಗಿ ಸ್ಟ್ಯಾಂಡ್ ತಂದೆ.