ಕಿಲೋಮೀಟರ್ ಎಣಿಸಬೇಡಿ, ಬಾಣ ಎಣಿಸಿ: ರೀತ್ ಹಳ್ಳಿಯ ಸುತ್ತ ಸೈಕಲ್ ಸವಾರಿ

ಆಗುಂಬೆ ಘಾಟಿ ಕಂಡವನಿಗೆ ಇಂಗ್ಲೆಂಡಿನ ಗುಡ್ಡಗಳು ಯಾವ ಲೆಕ್ಕ ಎಂಬ ಧೈರ್ಯದಲ್ಲಿ ಹೊರಟಿದ್ದೆ. ಘಾಟಿಯನ್ನು ನಾನು ಹತ್ತಿದ್ದೆಲ್ಲ ಬಸ್ಸಿನಲ್ಲಿ ಕುಳಿತು ಎಂಬುದು ಆಗ ನೆನಪಾಗಲಿಲ್ಲ. ತೀರ್ಥಹಳ್ಳಿ ಕಡೆಯವನು, ಈಗ ಲೀಡ್ಸ್‌ನಲ್ಲಿ ನೆಲೆಸಿದ್ದೇನೆ. ಮೂರು ವರ್ಷಗಳ ಹಿಂದೆ ಮೊದಲ ಸಲ ಉತ್ತರ ಇಂಗ್ಲೆಂಡಿನ ಗುಡ್ಡ ಕಣಿವೆಗಳ ನಾಡಾದ ಯಾರ್ಕ್‌ಶೈರ್ ಡೇಲ್ಸ್‌ನ ಸ್ವೇಲ್‌ಡೇಲ್ ಕಣಿವೆಗೆ ಸೈಕಲ್ ಒಯ್ದಾಗ, ರಿಚ್ಮಂಡ್ ಪೇಟೆ ದಾಟಿ ಮಾರ್ಸ್ಕ್ ಎಂಬ ಹಳ್ಳಿಯ ಏರಿನಲ್ಲಿಯೇ ಇಳಿದು ತಳ್ಳಬೇಕಾಯಿತು. ಕಲ್ಲುಗೋಡೆಯ ಆಚೆಯಿಂದ ಕುರಿಯೊಂದು ಮೇವು ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಆ ದಿನ ಒಂಬತ್ತು ಸಲ ಇಳಿದೆ. ಮರುದಿನವೇ ಲೀಡ್ಸ್‌ಗೆ ವಾಪಸು.

ಸೋತದ್ದು ಎತ್ತರಕ್ಕಲ್ಲ. ಈ ಕಣಿವೆಯ ಸುತ್ತಲಿನ ರಸ್ತೆಗಳು ಏರುವುದೇ 530 ಮೀಟರಿನ ಒಳಗೆ. ಆಗುಂಬೆ ಅದಕ್ಕಿಂತ ಎತ್ತರದಲ್ಲಿದೆ. ವ್ಯತ್ಯಾಸ ಇರುವುದು ರಸ್ತೆಯ ಸ್ವಭಾವದಲ್ಲಿ. ನಮ್ಮ ಘಾಟಿ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಸುತ್ತಿ ಬಳಸಿ ಮೇಲೇರುತ್ತದೆ. ಡೇಲ್ಸ್‌ನ ಎಷ್ಟೋ ರಸ್ತೆಗಳು ಹೇರುಕುದುರೆಗಳು, ಸೀಸದ ಗಣಿಯವರು ಸವೆಸಿದ ಹಳೆಯ ದಾರಿಗಳೇ. ಅವುಗಳ ಮೇಲೆಯೇ ಡಾಂಬರು ಬಿದ್ದಿದೆ. ಗುಡ್ಡ ಎದುರಾದರೆ ಬಳಸುವ ಮಾತಿಲ್ಲ, ಗೋಡೆಗೆ ಏಣಿ ಇಟ್ಟಂತೆ ನೇರ ಹತ್ತುತ್ತವೆ. ಮೇಲೆ ಹೋದ ತಕ್ಷಣ ಧಡಕ್ಕನೆ ಇಳಿದು, ಹಳ್ಳ ದಾಟಿ, ಮತ್ತೆ ಹತ್ತುತ್ತವೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಪುನಃ ಗಳಿಸುವುದು ಕಾಲಿಗಿಂತ ಮನಸ್ಸಿಗೆ ಹೆಚ್ಚು ಕಷ್ಟ.

ಹಾಗಾಗಿ ಎರಡನೆಯ ಸಲ ಹೊರಡುವ ಮೊದಲು ಎರಡು ಕೆಲಸ ಮಾಡಿದೆ. ಮೊದಲನೆಯದು ಗೇರಿನ ಲೆಕ್ಕ. ಸೈಕಲ್ ಕೊಳ್ಳುವಾಗ ಅಂಗಡಿಯವನು “ಈ ಗೇರು ಯಾವ ಗುಡ್ಡಕ್ಕಾದರೂ ಸಾಕು” ಎಂದಿದ್ದ. ನೋಡಿದರೆ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಟೈರಿನ ಸುತ್ತಳತೆ ಸುಮಾರು 2.15 ಮೀಟರ್. 34ನ್ನು 28ರಿಂದ ಭಾಗಿಸಿ ಸುತ್ತಳತೆಯಿಂದ ಗುಣಿಸಿದರೆ, ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ 2.6 ಮೀಟರ್ ಮುಂದೆ ಹೋಗುತ್ತದೆ. ನನ್ನಂಥ ನಲವತ್ತು ದಾಟಿದ, ಕುರ್ಚಿಯಲ್ಲಿ ಕುಳಿತು ದುಡಿಯುವವನ ಮೊಣಕಾಲಿಗೆ ಕಡಿದಾದ ಏರಿನಲ್ಲಿ ಅದು ಭಾರಿ ಜಾಸ್ತಿ. ಮುಂದೆ 30, ಹಿಂದೆ 36 ಹಲ್ಲಿನದನ್ನು ಹಾಕಿಸಿದೆ. ಈಗ ಒಂದು ಸುತ್ತಿಗೆ 1.8 ಮೀಟರ್. ಹಿಂದಿನ ಹಲ್ಲುಚಕ್ರ ದೊಡ್ಡದಾದದ್ದರಿಂದ ಗೇರು ಬದಲಿಸುವ ಸಾಧನ ಮತ್ತು ಚೈನನ್ನೂ ಬದಲಿಸಬೇಕಾಯಿತು. ಈ ಪ್ರವಾಸಕ್ಕಾಗಿ ಮಾಡಿದ ಖರ್ಚಿನಲ್ಲಿ ನನಗೆ ಪಶ್ಚಾತ್ತಾಪವಿಲ್ಲದ್ದು ಇದೊಂದೇ. ಹೊಳೆಯುವ ದುಬಾರಿ ಮಳೆಯಂಗಿಯ ಬಗ್ಗೆ ಹಾಗೆ ಹೇಳಲಾರೆ, ಒಳಗಿನಿಂದಲೇ ಬೆವರಿ ನೆನೆದುಹೋದೆ.

ಎರಡನೆಯದು ನಕಾಶೆ ಓದುವುದನ್ನು ಕಲಿತದ್ದು. ಮೊಬೈಲು ದೂರ ತೋರಿಸುತ್ತದೆ. ಡೇಲ್ಸ್‌ನಲ್ಲಿ ದೂರ ಹೆಚ್ಚೇನೂ ಹೇಳುವುದಿಲ್ಲ. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕಾಶೆಯಲ್ಲಿ ರಸ್ತೆಯ ಮೇಲೆ ಪುಟ್ಟ ಬಾಣದ ಗುರುತುಗಳಿರುತ್ತವೆ. ಒಂಟಿ ಬಾಣವೆಂದರೆ ಶೇ. 14ರಿಂದ 20ರಷ್ಟು ಕಡಿದು, ಜೋಡಿ ಬಾಣವೆಂದರೆ ಅದಕ್ಕೂ ಮೇಲೆ. ಬಾಣದ ತುದಿ ಇಳಿಜಾರಿನ ಕಡೆಗೆ ಮುಖ ಮಾಡಿರುತ್ತದೆ. ಬಾಣ ಇಲ್ಲದ ಕಡೆ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ನೋಡುತ್ತೇನೆ. 1:50,000 ಪ್ರಮಾಣದ ನಕಾಶೆಯಲ್ಲಿ ಎರಡು ರೇಖೆಗಳ ನಡುವೆ ಹತ್ತು ಮೀಟರ್ ಎತ್ತರ. ರಸ್ತೆಯ ಗುಂಟ ಅವುಗಳ ನಡುವೆ ಒಂದು ಮಿಲಿಮೀಟರ್ ಮಾತ್ರ ಜಾಗವಿದ್ದರೆ ಐವತ್ತು ಮೀಟರಿಗೆ ಹತ್ತು ಮೀಟರ್ ಏರು, ಅಂದರೆ ಶೇ. 20. ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿ ಸ್ಕೇಲಿನಿಂದ ಅಳೆಯುತ್ತಿದ್ದಾಗ ಹೆಂಡತಿ, “ಮಗಳ ಗಣಿತ ಹೇಳಿಕೊಡಲು ಇಲ್ಲದ ಪುರುಸೊತ್ತು ಇದಕ್ಕೆ ಇದೆ” ಎಂದಳು. ಉತ್ತರ ಕೊಡಲಿಲ್ಲ.

ಕಳೆದ ವರ್ಷ ಜೂನ್ ಮೊದಲ ವಾರ ಹೆಂಡತಿಯ ತಮ್ಮನನ್ನು ಜೊತೆಗೆ ಕರೆದುಕೊಂಡು ಹೊರಟೆ. ಲೀಡ್ಸ್‌ನಿಂದ ಡಾರ್ಲಿಂಗ್ಟನ್‌ಗೆ ರೈಲು. ರೈಲಿನಲ್ಲಿ ಸೈಕಲ್‌ಗೆ ಜಾಗ ಬೆರಳೆಣಿಕೆಯಷ್ಟು, ಮೊದಲೇ ಕಾಯ್ದಿರಿಸಬೇಕು. ರಿಚ್ಮಂಡ್‌ಗೆ ರೈಲು ಸಂಚಾರ 1969ರಲ್ಲೇ ನಿಂತುಹೋಗಿದೆ. ನಿಲ್ದಾಣದ ಚೆಂದದ ಕಟ್ಟಡದಲ್ಲಿ ಈಗ ಸಿನೆಮಾ, ತಿಂಡಿ ಅಂಗಡಿ. ಅಲ್ಲಿ ಚಹಾ ಕುಡಿದು, ಮಾರ್ಸ್ಕ್‌ನ ಏರನ್ನು ಈ ಸಲ ಸೀಟಿನ ಮೇಲೆ ಕುಳಿತೇ ಹತ್ತಿದೆ. ನಡೆಯುವವನಿಗಿಂತ ಸ್ವಲ್ಪವೇ ಹೆಚ್ಚಿನ ವೇಗ, ಆದರೂ ಹತ್ತಿದೆ. ಕುರಿಗಳು ಯಾವುವೂ ನೋಡಲಿಲ್ಲ.

ರೀತ್ ಹಳ್ಳಿಯಲ್ಲಿ ಮೂರು ರಾತ್ರಿಗೆ ಕೋಣೆ ಹಿಡಿದೆವು. ನಡುವೆ ಇಳಿಜಾರಾದ ದೊಡ್ಡ ಹಸಿರು ಬಯಲು, ಸುತ್ತ ಮನೆಗಳು, ಅಂಗಡಿ, ಪಬ್ಬುಗಳು. ದಿನಕ್ಕೊಂದು ಊರು ಬದಲಿಸುವ ಬದಲು ಒಂದೇ ಹಳ್ಳಿಯಲ್ಲಿ ಬಿಡಾರ ಹೂಡಿ ಸುತ್ತುವುದು ನನ್ನ ಪದ್ಧತಿ. ಚೀಲಗಳೆಲ್ಲ ಕೋಣೆಯಲ್ಲಿ ಉಳಿಯುತ್ತವೆ. ಸೈಕಲ್ ಮೇಲೆ ಎರಡು ಟ್ಯೂಬು, ಪಂಪು, ಚೈನಿನ ಕೊಂಡಿ, ಗೊಜ್ಜವಲಕ್ಕಿಯ ಡಬ್ಬಿ, ಅಷ್ಟೇ. ಡಬ್ಬಿಯನ್ನು ತಮಾಷೆ ಎಂದುಕೊಳ್ಳಬೇಡಿ. ಸಸ್ಯಾಹಾರಿಗೆ ಇಲ್ಲಿ ಊಟ ಸಿಗುತ್ತದೆ, ಆದರೆ ಹಸಿವಾದ ಹೊತ್ತಿಗೆ ಅಡುಗೆಮನೆ ಮುಚ್ಚಿರುತ್ತದೆ.

ಮೊದಲ ಸುತ್ತು ಆರ್ಕನ್‌ಗಾರ್ತ್‌ಡೇಲ್ ಕಣಿವೆಯ ಮೂಲಕ ಟ್ಯಾನ್ ಹಿಲ್‌ಗೆ, ಅಲ್ಲಿಂದ ಕೆಲ್ಡ್, ಮ್ಯೂಕರ್, ಗನ್ನರ್‌ಸೈಡ್ ಮೇಲೆ ವಾಪಸು. ಒಟ್ಟು ಸುಮಾರು 45 ಕಿಲೋಮೀಟರ್. ಲ್ಯಾಂಗ್‌ತ್ವೇಟ್ ದಾಟಿದ ಮೇಲೆ ಹೊಲಗಳ ಕಲ್ಲುಗೋಡೆ ಮುಗಿದು ಬರಿಯ ಹೆದರ್ ಗಿಡ, ಕೊಳೆತ ಹುಲ್ಲಿನ ಕಪ್ಪು ಜೌಗು. ಪಶ್ಚಿಮದ ಗಾಳಿ ನೇರ ಎದೆಗೆ. ಏರು ಹೆಚ್ಚಿಲ್ಲದ ಕಡೆಯೂ ಚಿಕ್ಕ ಗೇರೇ ಗತಿ. ಗಾಳಿ ಬಾಣದ ಗುರುತಿನಲ್ಲಿ ಬರುವುದಿಲ್ಲ. ತಲೆಯ ಮೇಲೆ ಲ್ಯಾಪ್‌ವಿಂಗ್ ಹಕ್ಕಿಗಳು ಕೂಗುತ್ತಾ ಸುತ್ತುತ್ತಿದ್ದವು. ನಮ್ಮ ಟಿಟ್ಟಿಭದ ದಾಯಾದಿಗಳು, ಅದೇ ಗಾಬರಿ, ಅದೇ ಬೈಗುಳ.

ಟ್ಯಾನ್ ಹಿಲ್ ಇನ್ 528 ಮೀಟರ್ ಎತ್ತರದಲ್ಲಿರುವ, ಬ್ರಿಟನ್ನಿನಲ್ಲೇ ಅತಿ ಎತ್ತರದ ಪಬ್ಬು. 2021ರ ನವೆಂಬರಿನಲ್ಲಿ ಹಿಮ ಬಿದ್ದು ಅರವತ್ತರಷ್ಟು ಗಿರಾಕಿಗಳು ಮೂರು ರಾತ್ರಿ ಇಲ್ಲೇ ಸಿಕ್ಕಿಕೊಂಡಿದ್ದರು. ನಾವು ಹೋದದ್ದು ಜೂನ್. ಆದರೂ ಒಲೆ ಉರಿಯುತ್ತಿತ್ತು, ಕೈಗವಸು ಬಿಚ್ಚಿ ಅದರ ಮುಂದೆ ಹಿಡಿದೆವು. ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು ನನ್ನ ಮುಖ ನೋಡಿ “ನೌ ದೆನ್” ಎಂದರು. ಏನೋ ತಪ್ಪು ಮಾಡಿದೆನೆಂದು ತಡವರಿಸಿದೆ. ಯಾರ್ಕ್‌ಶೈರಿನಲ್ಲಿ ಅದು ನಮಸ್ಕಾರ. ಇಷ್ಟು ವರ್ಷ ಇದ್ದೂ ಪೇಟೆಯಲ್ಲಿ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಲ್ಲಿಂದ ಮಳೆ ಹಿಡಿಯಿತು. ಕೆಲ್ಡ್‌ಗೆ ಇಳಿಯುವ ದಾರಿ ಕಿರಿದು, ಕೊನೆಯಲ್ಲಿ ಕಡಿದಾದ ತಿರುವುಗಳು. ಇಲ್ಲಿ ಎರಡು ಸಂಗತಿ ಕಲಿತೆ. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿದ ಕ್ಯಾಟಲ್ ಗ್ರಿಡ್‌ಗಳಿರುತ್ತವೆ. ಮಲೆನಾಡಿನ ದಣಪೆಯ ಕೆಲಸವನ್ನೇ ಅವು ಮಾಡುತ್ತವೆ, ದನ ಕುರಿ ದಾಟಲಾರವು. ಒದ್ದೆಯಾದಾಗ ಅದನ್ನು ಓರೆಯಾಗಿ ದಾಟಿದರೆ ಚಕ್ರ ಜಾರುತ್ತದೆ. ಹ್ಯಾಂಡಲ್ ನೇರ ಇಟ್ಟು, ಬ್ರೇಕು ಮುಟ್ಟದೆ, ಸೀಟಿನಿಂದ ತುಸು ಮೇಲೆದ್ದು ದಾಟಬೇಕು. ನನ್ನ ಭಾವಮೈದುನ ಇದನ್ನು ಮೊಣಕೈ ತರಚಿಕೊಂಡು ಕಲಿತ. ಇನ್ನೊಂದು ಕುರಿಮರಿಯ ವಿಷಯ. ತಾಯಿ ರಸ್ತೆಯ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ದರೆ, ಸೈಕಲ್ ಹತ್ತಿರ ಬಂದ ಕ್ಷಣದಲ್ಲೇ ಮರಿ ತಾಯಿಯ ಕಡೆಗೆ ಓಡುತ್ತದೆ. ಅದರ ಗಾಬರಿಗೆ ಬೇರೆ ದಾರಿ ತಿಳಿಯದು. ದೂರದಿಂದಲೇ ನಿಧಾನ ಮಾಡಿ, ದಾಟಲು ಬಿಟ್ಟು ಮುಂದೆ ಹೋಗಬೇಕು.

ಕೆಲ್ಡ್‌ನಿಂದ ನದಿಯ ಜೊತೆಗೇ ಇಳಿಯುವ ದಾರಿ. ಹಿಂದೆ ಮೇಲಿನ ಕಣಿವೆಯಲ್ಲಿ ಹೂಳಲು ಚರ್ಚಿನ ನೆಲ ಇರಲಿಲ್ಲ. ಸತ್ತವರನ್ನು ಹೆಗಲ ಮೇಲೆ ಹೊತ್ತು ರೀತ್ ಪಕ್ಕದ ಗ್ರಿಂಟನ್‌ ಚರ್ಚಿನವರೆಗೆ, 25 ಕಿಲೋಮೀಟರಿನಷ್ಟು ದೂರ, ನಡೆದು ತರುತ್ತಿದ್ದರಂತೆ. 1580ರಲ್ಲಿ ಮ್ಯೂಕರ್‌ನಲ್ಲಿ ಚರ್ಚು ಕಟ್ಟಿದ ಮೇಲೆ ಆ ಕಷ್ಟ ತಪ್ಪಿತು. ಮ್ಯೂಕರ್‌ನ ಹುಲ್ಲುಗಾವಲುಗಳು ಜೂನಿನಲ್ಲಿ ಹೂಬಿಟ್ಟಿರುತ್ತವೆ. ಹಳದಿ ಬಟರ್‌ಕಪ್, ನಡುವೆ ನೇರಳೆ. ಅದು ದನಗಳ ಚಳಿಗಾಲದ ಮೇವು, ಆದ್ದರಿಂದ ನಡೆಯುವವರು ಚಪ್ಪಡಿ ಹಾಸಿದ ಕಾಲುದಾರಿ ಬಿಟ್ಟು ಕದಲಬಾರದು. ಸೈಕಲ್ಲನ್ನು ಗೋಡೆಗೊರಗಿಸಿ ಅರ್ಧ ಗಂಟೆ ನಿಂತೆವು. ಫೋಟೋ ಒಂದೂ ಚೆನ್ನಾಗಿ ಬರಲಿಲ್ಲ.

ಎರಡನೆಯ ಸುತ್ತಿಗೆ ಬಟರ್‌ಟಬ್ಸ್ ಕಣಿವೆದಾರಿ. 2014ರ ಜುಲೈ 5ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಮೊದಲ ಹಂತ ಲೀಡ್ಸ್‌ನಿಂದ ಹ್ಯಾರೊಗೇಟ್‌ಗೆ ಬಂದಾಗ ಇದೇ ಗುಡ್ಡ ದಾಟಿತ್ತು. ಗುಡ್ಡದಾಚೆಯ ಹಾಸ್ ಪೇಟೆಯ ಕಡೆಯಿಂದ 4.5 ಕಿಲೋಮೀಟರ್, ಸರಾಸರಿ ಶೇ. 6.8ರ ಏರು. ಸರಾಸರಿಯನ್ನು ನಂಬಿ ನಾನು ಮೊದಲು ಮೋಸ ಹೋದದ್ದು ಇಂಥ ಅಂಕಿಯಿಂದಲೇ. ನಡುವಿನ ಸಮತಟ್ಟು ಸರಾಸರಿಯನ್ನು ತಗ್ಗಿಸುತ್ತದೆ, ಮೊಣಕಾಲಿನ ನೋವನ್ನು ತಗ್ಗಿಸುವುದಿಲ್ಲ. ನಾವು ಥ್ವೇಟ್ ಕಡೆಯಿಂದ, ಅಂದರೆ ಸ್ಪರ್ಧೆಯ ವಿರುದ್ಧ ದಿಕ್ಕಿನಲ್ಲಿ ಹತ್ತಿದೆವು. ಶುರುವಿನಲ್ಲೇ ಕಡಿದು.

“ಭಾವ, ನೀವು ಇಳಿದರೆ ನಾನೂ ಇಳಿಯುತ್ತೇನೆ” ಎಂದು ಹಿಂದಿನಿಂದ ದನಿ.

“ನೀನು ಮೊದಲು ಇಳಿ” ಎಂದೆ.

ಇಬ್ಬರೂ ಒಟ್ಟಿಗೆ ಇಳಿದೆವು. ಇನ್ನೂರು ಹೆಜ್ಜೆ ತಳ್ಳಿ, ಉಸಿರು ಸಮವಾದ ಮೇಲೆ ಮತ್ತೆ ಹತ್ತಿದೆವು. ತಳ್ಳುವುದಕ್ಕೆ ನಾಚಿಕೆ ಪಡುವುದನ್ನು ಬಿಟ್ಟ ಮೇಲೆ ನನ್ನ ಪ್ರವಾಸ ಸುಲಭವಾಗಿದೆ. ಅದಕ್ಕೆಂದೇ ನಡೆಯಲು ಬರುವ ಮೆತ್ತನೆಯ ಅಡಿಯ ಬೂಟು ಹಾಕುತ್ತೇನೆ, ಪೆಡಲಿಗೆ ಕಚ್ಚಿಕೊಳ್ಳುವ ಬೂಟು ಬೇಡ. ತುದಿಯ ಹತ್ತಿರ ರಸ್ತೆಯ ಪಕ್ಕದಲ್ಲೇ ಸುಣ್ಣಕಲ್ಲಿನ ಆಳವಾದ ಹೊಂಡಗಳಿವೆ. ಸಂತೆಗೆ ಹೊರಟ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲೆಂದು ಇವುಗಳಲ್ಲಿ ಇಳಿಬಿಡುತ್ತಿದ್ದರು, ಅದಕ್ಕೇ ಈ ಹೆಸರು ಎನ್ನುತ್ತಾರೆ.

ಹಾಸ್‌ನಲ್ಲಿ ವೆನ್ಸ್‌ಲಿಡೇಲ್ ಚೀಸಿನ ಜೊತೆ ಹಣ್ಣಿನ ಕೇಕು ತಿಂದೆವು. ಇಲ್ಲಿಯವರು ಎರಡನ್ನೂ ಒಟ್ಟಿಗೆ ತಿನ್ನುತ್ತಾರೆ; ಅನುಮಾನದಿಂದಲೇ ಬಾಯಿಗಿಟ್ಟೆ, ಎರಡನೆಯ ತುಂಡು ಕೇಳಿದೆ. ಆಸ್ಕ್‌ರಿಗ್, ಕಾಸಲ್ ಬೋಲ್ಟನ್ ಮೇಲೆ ಬಂದು ಕೊನೆಯ ಗುಡ್ಡ ಗ್ರಿಂಟನ್ ಮೂರ್. 2019ರ ಜುಲೈ 30ರ ದಿಢೀರ್ ಮಳೆಗೆ ಇಲ್ಲಿನ ಸೇತುವೆಯೊಂದು ಕೊಚ್ಚಿಹೋಗಿತ್ತು. ಅದೇ ಸೆಪ್ಟೆಂಬರಿನ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಶಿಪ್ ಈ ದಾರಿಯಲ್ಲಿ ಬರಬೇಕಿತ್ತು. ಸೇತುವೆಯನ್ನು ಗಡಿಬಿಡಿಯಲ್ಲಿ ಮತ್ತೆ ಕಟ್ಟಿದರೂ, ಸ್ಪರ್ಧೆಯ ದಿನ ಪುನಃ ಮಳೆ ಸುರಿದು, ಪುರುಷರ ಓಟದಿಂದ ಈ ಗುಡ್ಡಗಳನ್ನೇ ಕೈಬಿಟ್ಟರು.

ಗ್ರಿಂಟನ್ ಮೂರ್ ಅನ್ನು ಒಮ್ಮೆಯೂ ಇಳಿಯದೆ ಹತ್ತಿದೆ. ಮೇಲೆ ನಿಂತು ನೋಡಿದರೆ ಕಣಿವೆಯಾಚೆ ರೀತ್‌ನ ಹಸಿರು ಬಯಲು. ಇನ್ನು ಬರಿಯ ಇಳಿಜಾರು ಎಂದು ಸೈಕಲ್ ಬಿಟ್ಟೆ. ಹಿಂದಿನ ಬ್ರೇಕು ಹಿಡಿದರೆ ಲಿವರ್ ಹ್ಯಾಂಡಲಿನವರೆಗೂ ಬಂತು. ಮುಂದಿನದು ಕಿರ್ರೆಂದು ಲೋಹ ಉಜ್ಜುವ ಸದ್ದು ಮಾಡಿತು. ಹಿಂದಿನ ದಿನದ ಮಳೆಯಲ್ಲಿ ಮರಳು ಸೇರಿ ಬ್ರೇಕಿನ ರಬ್ಬರು ಪೂರ್ತಿ ಸವೆದಿತ್ತು. ಟ್ಯೂಬು, ಕೊಂಡಿ, ಗೊಜ್ಜವಲಕ್ಕಿ ಎಲ್ಲ ಇದ್ದ ಚೀಲದಲ್ಲಿ ಬ್ರೇಕಿನ ರಬ್ಬರು ಇರಲಿಲ್ಲ. ಹತ್ತುವ ಬಾಣಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದವನು, ಅವುಗಳ ತುದಿ ಯಾವ ಕಡೆಗಿದೆ ಎಂಬುದನ್ನು ಮರೆತಿದ್ದೆ.

ಇಳಿದು, ಹೊಸ ಸೇತುವೆ ದಾಟಿ, ಇಳಿಜಾರಿನಲ್ಲಿ ಸೈಕಲ್ಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತಾ ಗ್ರಿಂಟನ್‌ವರೆಗೆ ನಡೆದೆ. ಭಾವಮೈದುನ ಕೆಳಗೆ ಚರ್ಚಿನ ಗೋಡೆಯ ಮೇಲೆ ಕುಳಿತು ಡಬ್ಬಿ ಖಾಲಿ ಮಾಡುತ್ತಿದ್ದ. ಬೆಳಿಗ್ಗೆ ಪಕ್ಕದ ಫ್ರೆಮಿಂಗ್ಟನ್‌ನ ಸೈಕಲ್ ಅಂಗಡಿ ತೆರೆದ ಕೂಡಲೇ ಎರಡು ಜೋಡಿ ರಬ್ಬರು ಕೊಂಡೆ, ಒಂದು ಹಾಕಿಸಲು, ಇನ್ನೊಂದು ಚೀಲಕ್ಕೆ.