ಕಂಪ್ಯೂಟರು ಬದಿಯಡ್ಕದಲ್ಲಿ, ಕೆಲಸ ಮಂಗಳೂರಿನಲ್ಲಿ

ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು. ನಾನು ಮಂಗಳೂರಿನ ಪ್ರೆಸ್ಸಿನಲ್ಲಿ ಕೂತಿದ್ದೆ. ಉಗ್ರಾಣ ಮುಹೂರ್ತದ ತಾರೀಕು ತಪ್ಪಿದೆ ಎಂದು ಸಮಿತಿಯವರ ಫೋನು ಬಂತು. ತಿದ್ದಲು ಎರಡು ನಿಮಿಷ ಸಾಕು. ಆದರೆ ಮೂಲ ಫೈಲು ಇದ್ದದ್ದು ಕೇರಳದ ಗಡಿಯೊಳಗೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ. ತಮ್ಮನಿಗೆ ಹೇಳಿ ಮೈಲಿನಲ್ಲಿ ತರಿಸಿಕೊಂಡೆ. ಫೋನಿನಲ್ಲಿ ತೆರೆದರೆ ಕೊಂಬು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ! ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದವರಿಗೆಲ್ಲ ಗೊತ್ತಿರುವ ಸಂಕಟ ಇದು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಅಕ್ಷರವೇನೋ ಬಂತು, ಒತ್ತುಗಳು ಅರ್ಧಕ್ಕರ್ಧ ಹಾರಿಹೋಗಿದ್ದವು. ಕೊನೆಗೆ ತಲಪಾಡಿಯ ಗಡಿ ದಾಟಿ, ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದು, ಒಂದು ಅಂಕಿ ತಿದ್ದಿ, ಮರುದಿನ ಬೆಳಿಗ್ಗೆ ಮತ್ತೆ ಅದೇ ದಾರಿ ಹಿಡಿದೆ.

ಮನೆಯ ಕಂಪ್ಯೂಟರನ್ನು ದೂರದಿಂದಲೇ ತೆರೆದು ಕೆಲಸ ಮಾಡುವುದನ್ನು ಕಲಿತದ್ದು ಆ ಮೇಲೆ. ಗಡಿಯ ಈಚೆ ಮನೆ, ಆಚೆ ಕೆಲಸ ಇರುವ ನಮ್ಮಂಥವರಿಗೆ ಇದು ಶೋಕಿಯಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಮಾರ್ಗ ಮುಚ್ಚಿದಾಗ ಲೆಕ್ಕಪತ್ರ ಒಂದು ಕಡೆ, ತಾವೊಂದು ಕಡೆ ಉಳಿದವರು ಎಷ್ಟು ಮಂದಿ!

ಮೊದಲಿಗೆ ಒಂದು ಮಾತು. ನಿಮಗೆ ಬೇಕಾದದ್ದು ಬರೀ ಫೈಲುಗಳಾದರೆ, ಅಂದರೆ ತೀರ್ವೆ ರಶೀದಿಯ ಸ್ಕ್ಯಾನು, ಮಕ್ಕಳ ಸರ್ಟಿಫಿಕೇಟು ಇಂಥವು ಮಾತ್ರವಾದರೆ, ಇಷ್ಟೆಲ್ಲ ಬೇಡ. ಗೂಗಲ್ ಡ್ರೈವಿಗೆ ಹಾಕಿಟ್ಟರೆ ಮುಗಿಯಿತು. ಮನೆಯ ಕಂಪ್ಯೂಟರಿನಲ್ಲೇ ಇರುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್, ಲೆಕ್ಕಪತ್ರದ ಟ್ಯಾಲಿಯಂಥ ಸಾಫ್ಟ್‌ವೇರನ್ನೇ ದೂರದಿಂದ ಓಡಿಸಬೇಕು ಎನ್ನುವವರು ಮುಂದೆ ಓದಿ.

ಕಂಪ್ಯೂಟರು ಎಚ್ಚರವಿರಲಿ

ಎಲ್ಲರೂ ಸಾಫ್ಟ್‌ವೇರಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ಕೈಸುಟ್ಟುಕೊಂಡೆ. ಎಲ್ಲ ಸರಿಯಾಗಿ ಕೂರಿಸಿ ಬಸ್ಸು ಹತ್ತಿದೆ, ಕುಂಬಳೆ ತಲುಪುವಷ್ಟರಲ್ಲಿ ಕಂಪ್ಯೂಟರು ನಿದ್ದೆಹೋಗಿತ್ತು. ನಿದ್ದೆಹೋದ ಕಂಪ್ಯೂಟರನ್ನು ಇಂಟರ್ನೆಟ್ಟಿನಲ್ಲಿ ಕರೆದರೆ ಓಗೊಡುವುದಿಲ್ಲ.

ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್ ತೆರೆಯಿರಿ. ಪ್ಲಗ್ಗಿಗೆ ಹಾಕಿರುವಾಗ ಸ್ಲೀಪ್ ಎಂಬಲ್ಲಿ ‘ನೆವರ್’ ಆರಿಸಿ. ಪರದೆ ಆರಿದರೆ ತೊಂದರೆಯಿಲ್ಲ, ಅದು ಆರಲಿ. ಲ್ಯಾಪ್‌ಟಾಪಾದರೆ ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂಬ ಆಯ್ಕೆಯನ್ನೂ ಕೊಡಬೇಕು.

ಇಷ್ಟಾದರೂ ನಮ್ಮೂರಿನಲ್ಲಿ ಕರೆಂಟು ಎಂಬುದೊಂದಿದೆಯಲ್ಲ! ಆಟಿಯ ಮಳೆಗೆ ಕಂಗಿನ ಮರ ತಂತಿಯ ಮೇಲೆ ಬಿದ್ದರೆ ಹೋದ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗದು. ಬಂದ ಮೇಲೆ ಕಂಪ್ಯೂಟರಿನ ಗುಂಡಿ ಒತ್ತುವವರು ಯಾರು? ಇದಕ್ಕೆ ಉಪಾಯ ಬಯಾಸಿನಲ್ಲಿದೆ, ಅಂದರೆ ವಿಂಡೋಸಿಗೂ ಮೊದಲೇ ಏಳುವ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್‌ನಲ್ಲಿ. ಕಂಪ್ಯೂಟರು ಹಾಕಿದ ಕೂಡಲೇ ಡಿಲೀಟ್ ಅಥವಾ ಎಫ್‌2 ಕೀಲಿಯನ್ನು ಒತ್ತುತ್ತಾ ಇದ್ದರೆ ಆ ಪುಟ ತೆರೆಯುತ್ತದೆ. ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಎಂಬ ಆಯ್ಕೆ ಅಲ್ಲಿರುತ್ತದೆ. ಅದರ ಹೆಸರು ಕಂಪನಿಗೊಂದು ಬಗೆ, ಆದರೆ ‘ಎಸಿ’ ಮತ್ತು ‘ಪವರ್’ ಎಂಬ ಪದಗಳು ಸಾಮಾನ್ಯವಾಗಿ ಇರುತ್ತವೆ. ಅದನ್ನು ‘ಪವರ್ ಆನ್’ ಮಾಡಿ ಸೇವ್ ಮಾಡಿ. ಇನ್ನು ಕರೆಂಟು ಬಂದೊಡನೆ ಕಂಪ್ಯೂಟರು ತಾನಾಗಿಯೇ ಏಳುತ್ತದೆ. ಈ ಸೌಲಭ್ಯ ಹೆಚ್ಚಾಗಿ ಡೆಸ್ಕ್‌ಟಾಪುಗಳಲ್ಲಿರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಇನ್ವರ್ಟರು.

ಹಗಲು ರಾತ್ರಿ ಉರಿದರೆ ಬಿಲ್ಲೆಷ್ಟು ಎಂದು ಕೇಳುವವರಿದ್ದಾರೆ. ಸುಮ್ಮನಿರುವ ಡೆಸ್ಕ್‌ಟಾಪು 50 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ದಿನಕ್ಕೆ 1.2 ಯುನಿಟ್ ಆಯಿತು. ಎರಡು ತಿಂಗಳಿಗೊಮ್ಮೆ ಬರುವ ನಮ್ಮ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನಲ್ಲಿ 70 ಯುನಿಟ್ ದಾಟುತ್ತದೆ, ಸ್ಲ್ಯಾಬು ಏರಿದರೆ ಇನ್ನಷ್ಟು ಬಿಸಿ. ಅದಕ್ಕೆ ನಾನು ಕಂಡುಕೊಂಡದ್ದು ವೈಫೈ ಸ್ಮಾರ್ಟ್ ಪ್ಲಗ್ಗು. ಬೇಕಾದಾಗ ಮೊಬೈಲಿನಿಂದ ಪ್ಲಗ್ಗು ಹಾಕುತ್ತೇನೆ. ಕರೆಂಟು ಬಂತೆಂದು ತಿಳಿದು, ಬಯಾಸಿಗೆ ಹೇಳಿಕೊಟ್ಟಂತೆ ಕಂಪ್ಯೂಟರು ಏಳುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಶಟ್‌ಡೌನ್, ಎರಡು ನಿಮಿಷ ಬಿಟ್ಟು ಪ್ಲಗ್ಗು ಬಂದ್. ಈ ಕ್ರಮ ತಪ್ಪಿಸಿದರೆ ಡಿಸ್ಕು ಹಾಳಾಗಬಹುದು.

ಒಂದು ದಿನ ಅಮ್ಮನ ಫೋನು: “ಮಗಾ, ಕಂಪ್ಯೂಟರಿಲಿ ಬಾಣ ಅದರಷ್ಟಕೇ ಹಂದ್ತಾ ಇದ್ದನ್ನೆ! ಎಂತ ಮಾಡೆಕು?” ಅದು ನಾನೇ ಅಮ್ಮ, ಇಲ್ಲಿಂದ ಆಡಿಸುತ್ತಾ ಇದ್ದೇನೆ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ನೀವು ಅರ್ಧ ಪುಟ ತಿದ್ದುವಷ್ಟರಲ್ಲಿ ಯಾರಾದರೂ ಸ್ವಿಚ್ಚು ತೆಗೆದಾರು.

ಸುಲಭದ ದಾರಿ

ಹೊಸಬರಿಗೆ ನಾನು ಹೇಳುವುದು ಗೂಗಲಿನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಹಣ ಕೊಡಬೇಕಾಗಿಲ್ಲ, ವಿಂಡೋಸಿನ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ನಿಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಿ, ‘ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಶ್ ಆಕ್ಸೆಸ್’ ಎಂಬ ವಿಳಾಸಕ್ಕೆ ಹೋಗಿ. ರಿಮೋಟ್ ಆಕ್ಸೆಸ್ ಸೆಟಪ್ ಮಾಡುವ ಚೌಕದಲ್ಲಿ ಡೌನ್‌ಲೋಡಿನ ಗುರುತು ಇರುತ್ತದೆ. ಒತ್ತಿ, ಇಳಿದು ಬಂದದ್ದನ್ನು ಇನ್‌ಸ್ಟಾಲ್ ಮಾಡಿ. ಕಂಪ್ಯೂಟರಿಗೊಂದು ಹೆಸರು ಕೇಳುತ್ತದೆ, ‘ಮನೆ’ ಎಂದರೂ ಸಾಕು. ಬಳಿಕ ಕನಿಷ್ಠ 6 ಅಂಕಿಯ ಪಿನ್. ಹುಟ್ಟಿದ ತಾರೀಕು, ಮೊಬೈಲ್ ನಂಬರಿನ ತುದಿ ಇಂಥವು ಬೇಡವೇ ಬೇಡ. ಕೊನೆಗೆ ವಿಂಡೋಸ್ ಒಪ್ಪಿಗೆ ಕೇಳಿದಾಗ ‘ಯೆಸ್’ ಕೊಟ್ಟರೆ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದು ಕಾಣಿಸುತ್ತದೆ.

ದೂರದಲ್ಲಿದ್ದಾಗ ಯಾವ ಲ್ಯಾಪ್‌ಟಾಪಿನಿಂದಲಾದರೂ ಸರಿ, ಮೊಬೈಲಿನಿಂದಲಾದರೂ ಸರಿ, ಅದೇ ಖಾತೆಯಲ್ಲಿ ಅದೇ ವಿಳಾಸಕ್ಕೆ ಹೋಗಿ ‘ಮನೆ’ಯನ್ನು ಒತ್ತಿ ಪಿನ್ ಕೊಡುವುದು. ಮನೆಯ ಪರದೆ ನಿಮ್ಮ ಮುಂದೆ. ಕೀಲಿಕೈಯೆಲ್ಲ ಈಗ ಗೂಗಲ್ ಖಾತೆಯಲ್ಲೇ ಇರುವುದರಿಂದ ಅದಕ್ಕೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ದೃಢೀಕರಣ, ಇರಲೇಬೇಕು. ಸೈಬರ್ ಕೆಫೆಯಂಥ ಕಡೆ ಲಾಗಿನ್ ಆಗುವ ಗೋಜಿಗೇ ಹೋಗಬೇಡಿ.

ಕನ್ನಡದವರಿಗೆ ಇಲ್ಲೊಂದು ತೊಡಕು. ಕೈಯಲ್ಲಿರುವ ಲ್ಯಾಪ್‌ಟಾಪಿನಲ್ಲೂ ಕನ್ನಡ ಕೀಲಿಮಣೆ, ಮನೆಯಲ್ಲೂ ನುಡಿ, ಎರಡೂ ಆನ್ ಇದ್ದರೆ ಅಕ್ಷರ ಕಲಸುಮೇಲೋಗರ. ಕೈಯಲ್ಲಿರುವುದನ್ನು ಇಂಗ್ಲಿಷಿಗೆ ಹಾಕಿ, ಮನೆಯದ್ದನ್ನು ಮಾತ್ರ ಕನ್ನಡದಲ್ಲಿಡಿ. ಮೊಬೈಲಿನ ಕನ್ನಡ ಕೀಲಿಮಣೆ ಕಳಿಸುವುದು ಯುನಿಕೋಡ್ ಎಂಬ ಈಗಿನ ಸಂಕೇತ ಪದ್ಧತಿಯ ಅಕ್ಷರ, ಹಳೆಯ ನುಡಿ ಫಾಂಟಿಗೆ ಅದು ಹೊಂದುವುದಿಲ್ಲ. ತಿದ್ದಿದ ಮೇಲೆ ಮನೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಅಲ್ಲಿಂದಲೇ ಪ್ರೆಸ್ಸಿಗೆ ಮೈಲ್ ಮಾಡಿ. ಫಾಂಟು ಪಿಡಿಎಫಿನೊಳಗೇ ಸೇರಿಕೊಳ್ಳುವುದರಿಂದ ಒತ್ತು ಹಾರುವ ಭಯವಿಲ್ಲ.

ಪೋರ್ಟ್ ತೆರೆಯುವ ಹಳೆಯ ದಾರಿ

ಯೂಟ್ಯೂಬಿನಲ್ಲಿ ಹುಡುಕಿದರೆ ಇನ್ನೊಂದು ದಾರಿ ಸಿಗುತ್ತದೆ. ವಿಂಡೋಸಿನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪನ್ನು ಆನ್ ಮಾಡಿ, ರೂಟರಿನಲ್ಲಿ 3389ನೇ ಪೋರ್ಟನ್ನು, ಅಂದರೆ ಅದಕ್ಕೆ ಮೀಸಲಾದ ನಂಬರಿನ ಬಾಗಿಲನ್ನು, ಹೊರಗಿನವರಿಗೆ ತೆರೆದಿಡುವುದು. ಇದನ್ನು ಮಾಡಲೇಬೇಡಿ. ಕಾರಣ ಎರಡು.

ಒಂದು, ಹೆಚ್ಚಿನವರಿಗೆ ಅದು ಸಾಧ್ಯವೇ ಇಲ್ಲ. ನಮ್ಮ ಒಳಪ್ರದೇಶದ ಮನೆಗಳಿಗೆ ಅಂಚೆ ಹೇಗೆ ಬರುತ್ತದೆ? ಹಲವು ಕಾಗದಗಳು ಮಾರ್ಗದ ಬದಿಯ ಅಂಗಡಿಯವರೆಗೆ ಬಂದು ನಿಲ್ಲುತ್ತವೆ, ಅಲ್ಲಿಂದ ಗುರುತು ಹಿಡಿದು ಒಯ್ಯುವುದು. ಇಂಟರ್ನೆಟ್ಟೂ ಹಾಗೆಯೇ ಆಗಿದೆ. ಇಂಟರ್ನೆಟ್ಟಿನಲ್ಲಿ ವಿಳಾಸ ಕೊಡುವ ಹಳೆಯ ಐಪಿ ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಹಂಚಲು ಉಳಿದಿದ್ದ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಹೀಗಾಗಿ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಕೊಡುತ್ತವೆ. ನೀವು ಬರೆದ ಕಾಗದ ಹೊರಗೆ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ. ಆದರೆ ಹೊರಗಿನವರು ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದರೆ ಅಂಗಡಿಯಿಂದ ಮುಂದೆ ದಾರಿಯೇ ಇಲ್ಲ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು ವ್ಯಾನ್ ಐಪಿ, ಅಂದರೆ ರೂಟರಿನ ಹೊರಬದಿಯ ವಿಳಾಸ, ಎಂಬುದನ್ನು ನೋಡಿ. ಅದು 10ರಿಂದ ಶುರುವಾದರೆ, ಅಥವಾ 100.64ರಿಂದ 100.127ರೊಳಗೆ ಇದ್ದರೆ, ಅದು ಹಂಚಿಕೆಯ ವಿಳಾಸ. ನಾನು ಇದನ್ನು ತಿಳಿಯದೆ ಮೂರು ದಿನ ರೂಟರಿನೊಂದಿಗೆ ಗುದ್ದಾಡಿದ್ದೆ. ಕೊನೆಗೆ ಲೈನು ಕೊಟ್ಟವರಿಗೆ ಫೋನು ಮಾಡಿ, ಗೊತ್ತಿದ್ದ ಮಲಯಾಳದಲ್ಲಿ ‘ಪಬ್ಲಿಕ್ ಐಪಿ ವೇಣಂ’ ಎಂದೆ, ಅಂದರೆ ನನ್ನದೇ ಪ್ರತ್ಯೇಕ ಹೊರವಿಳಾಸ ಬೇಕು ಎಂದು. ಆ ಹುಡುಗ ನೆಟ್ಟು ಬರುತ್ತಾ ಇದೆಯಲ್ಲ, ಮತ್ತೇನು ಬೇಕು ಎಂದು ಕೇಳಿದ.

ಎರಡನೆಯದು ಸುರಕ್ಷತೆ. ನಿಮಗೆ ಪ್ರತ್ಯೇಕ ವಿಳಾಸವೇ ಇದ್ದರೂ ಬಾಗಿಲು ತೆರೆದಿಟ್ಟ 3389ನ್ನು ಹುಡುಕುವ ಯಂತ್ರಗಳು ಹಗಲಿರುಳು ತಿರುಗುತ್ತಿರುತ್ತವೆ, ಪಾಸ್‌ವರ್ಡುಗಳನ್ನು ಒಂದೊಂದಾಗಿ ತುರುಕಿ ನೋಡುತ್ತಿರುತ್ತವೆ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷದಲ್ಲಂತೂ ಹಳೆಯ ವಿಂಡೋಸಿನೊಳಗೆ ನುಗ್ಗಲು ಪಾಸ್‌ವರ್ಡೇ ಬೇಕಿರಲಿಲ್ಲ. ಇನ್ನೂ ವಿಂಡೋಸ್ 7ರಲ್ಲಿ ಟ್ಯಾಲಿ ಓಡಿಸುತ್ತಿರುವ ಅಂಗಡಿಗಳು ಇದನ್ನು ಗಮನಿಸಲಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲು ಬೆಂಬಲ ನಿಂತಿದೆ.

ಕ್ರೋಮಿನ ದಾರಿಯಲ್ಲಿ ಈ ಎರಡು ತಾಪತ್ರಯವೂ ಇಲ್ಲ. ಅಲ್ಲಿ ಮನೆಯ ಕಂಪ್ಯೂಟರೇ ಹೊರಗೆ ಕರೆಮಾಡಿ ಕಾದು ಕೂತಿರುತ್ತದೆ, ರೂಟರಿನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ.

ದಿನವೂ ಕೆಲಸ ಮಾಡುವವರಿಗೆ

ಗಂಟೆಗಟ್ಟಲೆ ಟೈಪು ಮಾಡಬೇಕಾದವರಿಗೆ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪೇ ಹೆಚ್ಚು ಹಿತ, ನನಗಂತೂ ಅದರಲ್ಲಿ ಅಕ್ಷರ ಸ್ಫುಟವಾಗಿ ಕಾಣುತ್ತದೆ. ಮನೆಯಲ್ಲಿರುವುದು ವಿಂಡೋಸ್ ಪ್ರೊ ಆಗಿರಬೇಕು, ಹೋಮ್ ಆವೃತ್ತಿ ಈ ಬಗೆಯಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪೋರ್ಟ್ ತೆರೆಯದೆ ಅದನ್ನು ತಲುಪಲು, ನಿಮ್ಮ ಕಂಪ್ಯೂಟರುಗಳನ್ನಷ್ಟೇ ಒಂದು ಖಾಸಗಿ ಜಾಲದಲ್ಲಿ ಬೆಸೆಯುವ ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಬಳಸಿ. ಸ್ವಂತ ಬಳಕೆಗೆ ಉಚಿತ. ಮನೆಯ ಕಂಪ್ಯೂಟರಿಗೂ ಕೈಯ ಲ್ಯಾಪ್‌ಟಾಪಿಗೂ ಅದನ್ನು ಹಾಕಿ, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆದರೆ ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ಖಾಸಗಿ ವಿಳಾಸ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಮನೆಯ ಆ ವಿಳಾಸ ಹೊಡೆದರೆ ಆಯಿತು.

ಎಡವುವ ಜಾಗಗಳು ಮೂರು. ವಿಂಡೋಸಿಗೆ ಪಾಸ್‌ವರ್ಡೇ ಇಲ್ಲದಿದ್ದರೆ ರಿಮೋಟ್ ಡೆಸ್ಕ್‌ಟಾಪು ಒಳಗೆ ಬಿಡದು, ನಾಲ್ಕಂಕಿಯ ಪಿನ್ನೂ ಇಲ್ಲಿ ನಡೆಯದು. ಕಂಪ್ಯೂಟರು ತಾನಾಗಿ ಎದ್ದಾಗ, ಯಾರೂ ಲಾಗಿನ್ ಆಗುವ ಮೊದಲೇ ಟೇಲ್‌ಸ್ಕೇಲ್ ಓಡಬೇಕಾದರೆ ಅದರ ಮೆನುವಿನಲ್ಲಿ ‘ರನ್ ಅನ್‌ಅಟೆಂಡೆಡ್’ ಎಂಬುದಕ್ಕೆ ಗುರುತು ಹಾಕಿರಬೇಕು. ಇನ್ನು ಅದರ ಲಾಗಿನ್ ಸಾಮಾನ್ಯವಾಗಿ 180 ದಿನಗಳಿಗೆ ಮುಗಿದುಹೋಗುತ್ತದೆ. ಮನೆಯ ಕಂಪ್ಯೂಟರಿನ ಮಟ್ಟಿಗೆ ಈ ಅವಧಿಯನ್ನು ಅವರ ವೆಬ್‌ಸೈಟಿನ ಪಟ್ಟಿಯಲ್ಲಿ ರದ್ದು ಮಾಡಿಡಿ. ಆರು ತಿಂಗಳು ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ಬಂದ್ ಆದರೆ ಕಾರಣ ಇದೇ.

ಈ ದಾರಿಯಲ್ಲಿ ಒಳಹೊಕ್ಕರೆ ಮನೆಯ ಪರದೆ ಲಾಕ್ ಆಗಿರುತ್ತದೆ. ಅಮ್ಮನಿಗೆ ಬಾಣ ಕಾಣುವುದಿಲ್ಲ.

ಬೇರೆಯವರು ಹೇಳಿದರೆಂದು ಹಾಕಬೇಡಿ

ಎನಿಡೆಸ್ಕ್, ಟೀಮ್‌ವ್ಯೂವರ್ ಕೂಡ ಇದೇ ಕೆಲಸದವು, ತಾವಾಗಿ ಕೆಟ್ಟವಲ್ಲ. ಆದರೆ ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಕರೆಂಟು ಬಿಲ್ಲು ಬಾಕಿಯಿದೆ, ಈ ಆ್ಯಪ್ ಹಾಕಿ ಅದರ ನಂಬರು ಹೇಳಿ ಎಂದು ಯಾರಾದರೂ ಫೋನು ಮಾಡಿದರೆ, ಮಾತು ಯಾವ ಭಾಷೆಯಲ್ಲಿದ್ದರೂ ಕೂಡಲೇ ಇಡಿ. ಎನಿಡೆಸ್ಕ್ ಹಾಕಿಸಿ ಹಣ ಲಪಟಾಯಿಸುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಎಲ್ಲ ಹೊಂದಿಸಿದ ಮೇಲೆ ಬಸ್ಸು ಹತ್ತುವ ಮುಂಚೆ ಅಂಗಳದಲ್ಲೇ ಒಮ್ಮೆ ಪರೀಕ್ಷಿಸಿ. ಮೊಬೈಲಿನ ವೈಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ಮನೆಯ ಕಂಪ್ಯೂಟರು ತೆರೆಯುತ್ತದೆಯೇ ನೋಡಿ. ಆಮೇಲೆ ಮೇನ್ ಸ್ವಿಚ್ಚು ತೆಗೆದು ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಈ ಎರಡನೆಯ ಪರೀಕ್ಷೆಯಲ್ಲೇ ಹೆಚ್ಚಿನವರು ಸೋಲುವುದು.

ತುಲಾ ತಿಂಗಳ ಸಂಜೆಯ ಗುಡುಗಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಫೈಬರು ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ಅದರ ಜೊತೆಗೆ ಬರುವ ಉಕ್ಕಿನ ತಂತಿಯಲ್ಲೂ ರೂಟರಿನ ಅಡಾಪ್ಟರಿನಲ್ಲೂ ಹರಿಯುತ್ತದೆ. ಸ್ಮಾರ್ಟ್ ಪ್ಲಗ್ಗನ್ನು ಮೊಬೈಲಿನಿಂದ ಆಫ್ ಮಾಡಿದರೆ ಸಾಲದು, ಪಿನ್ನು ಗೋಡೆಯಿಂದ ಹೊರಗೆ ಬರಬೇಕು. ನಮ್ಮಲ್ಲಿ ಪೂರ್ವಕ್ಕೆ ಮೋಡ ಕಟ್ಟಿದ ಕೂಡಲೇ ಅಮ್ಮ ಎಲ್ಲ ಕಿತ್ತಿಟ್ಟು ನನಗೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಸೇವ್ ಮಾಡಿದೆಯಾ ಎಂದು ಕೇಳುವ ಕ್ರಮ ಮಾತ್ರ ಇಲ್ಲ.