ಹೆಬ್ಬಲಸಿನ ದಾರಂದ: ಕೊಯ್ಯುವುದರಿಂದ ಕೂರಿಸುವವರೆಗೆ

ಹೆಬ್ಬಲಸಿಗೆ ತುಳುವಿನಲ್ಲಿ ಪೆಜ, ಮಲಯಾಳದಲ್ಲಿ ಆಂಞಿಲಿ ಅಥವಾ ಐನಿ. ಪಶ್ಚಿಮಘಟ್ಟದ್ದೇ ಮರ. ಕೇರಳದ ಚುಂಡನ್ ದೋಣಿಗಳಿಗೆ, ಅಂದರೆ ಹಾವಿನಂತೆ ಉದ್ದನೆಯ ಓಟದ ದೋಣಿಗಳಿಗೆ, ಬಳಸುವುದು ಇದನ್ನೇ. ನೀರಿನಲ್ಲಿ ಬಾಳುವ ಮರ ಮನೆಯ ದಾರಂದವಾಗಿ (ಬಾಗಿಲ ಚೌಕಟ್ಟಾಗಿ) ಸೊಟ್ಟಗಾಯಿತೆಂದರೆ ದೋಷ ಮರದ್ದಲ್ಲ, ಹಸಿಯಲ್ಲೇ ಕೆಲಸಕ್ಕೆ ಹಚ್ಚಿದ್ದರದು.

ಒಣಗಿದ ಕೆಚ್ಚು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಘನ ಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ, ತೇಗಕ್ಕಿಂತ ತುಸು ಹಗುರ. ಹೊಸದಾಗಿ ಕೊಯ್ದಾಗ ಹೊಂಬಣ್ಣ. ಬೆಳಕು ತಾಗಿದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಕೆಚ್ಚಿಗೆ ಗೆದ್ದಲಿನ ಭಯ ಕಡಿಮೆ. ಸುತ್ತಲಿನ ಬಿಳಿ ಭಾಗಕ್ಕೆ ಮಾತ್ರ ಮರ ಕೊರೆಯುವ ಕುಟ್ಟೆಹುಳು ಬೇಗ ಹಿಡಿಯುತ್ತದೆ, ಅದನ್ನು ಮಿಲ್ಲಿನಲ್ಲೇ ತೆಗೆಸಿಬಿಡಿ. ಮೂಲೆಯಲ್ಲಿ ಸ್ವಲ್ಪ ಉಳಿಸಲೇಬೇಕಾದರೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆ್ಯಸಿಡ್ ಎರಡನ್ನೂ 2 ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಮರ ಹಸಿಯಿದ್ದಾಗಲೇ ಎರಡು ಮೂರು ಸಲ ಬಳಿಯಿರಿ. ಒಣಗಿದ ಮರದೊಳಗೆ ಇದು ಇಳಿಯುವುದಿಲ್ಲ. ಮಳೆ ಬಡಿಯುವಲ್ಲಿ ತೊಳೆದುಹೋಗುತ್ತದೆ.

7 ಅಡಿ ಬಾಗಿಲಿಗೆ 4×3 ಇಂಚಿನ ದಾರಂದವಾದರೆ, ಹೊಸ್ತಿಲೂ ಸೇರಿ, ಕೊಯ್ದ ಮರ ಸುಮಾರು 2¼ ಘನ ಅಡಿ ಬೇಕು. ಕೀಸಲಿಕ್ಕೆಂದು ಪ್ರತಿ ಅಳತೆಗೂ ಕಾಲು ಇಂಚು ಹೆಚ್ಚೇ ಕೊಯ್ಯಿಸಿ. ಹಸಿಮರದ ಮೇಣ ಗರಗಸಕ್ಕೆ ಮೆತ್ತಿ ಹಲ್ಲು ಸರಿಯಾಗಿ ಕಡಿಯುವುದಿಲ್ಲ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಆಗಾಗ ಒರೆಸುತ್ತಿರಬೇಕು.

ಇನ್ನು ಒಣಗಿಸುವುದು. ಕೆಲಸ ಕೆಡುವುದು ಇಲ್ಲೇ. ಡಿಸೆಂಬರ್‌-ಜನವರಿಯಲ್ಲಿ ಕೊಯ್ಯಿಸಿದರೆ ಮಳೆಗಾಲದೊಳಗೆ ಮೇಲಿನ ಪಸೆಯಾದರೂ ಹೋಗಿರುತ್ತದೆ. ಹಾಗೆಂದು ಅಡಕೆ ಹರಡಿದ ಅಂಗಳದ ಮೂಲೆಯಲ್ಲಿ ಮರವನ್ನೂ ಬಿಸಿಲಿಗೆ ಹಾಕಬೇಡಿ. ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿ. ಹೊರಗೆ ಬಿರುಕು ಬಿಡದೆ ದಾರಿಯಿಲ್ಲ. ಗಾಳಿಯಾಡುವ ಮಾಡಿನ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ ಅಟ್ಟಿ ಹಾಕಿ. ಎರಡು ಅಡಿಗೊಂದರಂತೆ, ಒಣಗಿದ ಅಡಕೆಮರದ ಒಂದಿಂಚಿನ ಸಲಕೆಗಳನ್ನು ನಡುವೆ ಇಡಿ. ಸಲಕೆಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಲಿ; ಅಡ್ಡಾದಿಡ್ಡಿಯಾದರೆ ಮೇಲಿನ ಭಾರಕ್ಕೆ ಮರ ಬಾಗುತ್ತದೆ. ತುದಿಗಳಿಗೆ ದಪ್ಪ ಪೇಂಟು ಅಥವಾ ಕರಗಿಸಿದ ಮೇಣದಬತ್ತಿ ಬಳಿಯಬೇಕು, ಯಾಕೆಂದರೆ ನೀರು ಬೇಗ ಹೊರಡುವುದು ಅಲ್ಲಿಂದಲೇ.

3 ಇಂಚು ದಪ್ಪಕ್ಕೆ ಒಂದು ವರ್ಷವಾದರೂ ಕೊಡಿ. ಸಂಶಯವಿದ್ದರೆ, ತುದಿಯಿಂದ ಒಂದಡಿ ಒಳಗೆ ಒಂದು ಇಂಚಿನ ಬಿಲ್ಲೆ ಕೊಯ್ದು ತೂಗಿ. ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇನ್ನು ಇಳಿಯದು ಅನ್ನುವವರೆಗೆ ಒಣಗಿಸಿ ಮತ್ತೆ ತೂಗಿ. 130 ಗ್ರಾಂ ಇದ್ದದ್ದು 113ಕ್ಕೆ ನಿಂತರೆ ಕಳೆದ ನೀರು 17. ಅದನ್ನು 113ರಿಂದ ಭಾಗಿಸಿದರೆ ತೇವ ಶೇ. 15. ಕುಂಬಳೆ, ಕಾಸರಗೋಡಿನಂಥ ಕರಾವಳಿ ಮನೆಗೆ ಇಷ್ಟು ಸಾಕು. ಬೆಂಗಳೂರಿಗೆ ಒಯ್ಯುವ ಸಾಮಾನಾದರೆ ಶೇ. 12ರ ಸುಮಾರಿಗೆ ಇಳಿಯಬೇಕು.

ಕೀಸುವಾಗ ಒಂದು ಪಟ್ಟಿ ನುಣುಪಾಗಿ, ಪಕ್ಕದ ಪಟ್ಟಿ ಕಿತ್ತು ಬರುವುದುಂಟು. ಎಳೆಗಳು ಎದುರುಬದುರಾಗಿ ಹೆಣೆದುಕೊಂಡಿರುವಲ್ಲಿ ಹೀಗಾಗುತ್ತದೆ. ಅಲಗು ಹರಿತ ಮಾಡಿ, ಕೂದಲೆಳೆಯಷ್ಟೇ ಹೊರಗಿಟ್ಟು, ಕೀಸುಳಿಯನ್ನು ಓರೆಯಾಗಿ ಓಡಿಸಿ. ಉಳಿದ ಒರಟನ್ನು ಗಾಜಿನ ಚೂರಿನ ಅಂಚಿನಿಂದ ಕೆರೆದರೆ ಸಾಕು. ರಂಧ್ರಗಳಲ್ಲಿ ಕಾಣುವ ಬಿಳಿ ಪುಡಿ ಬೂಷ್ಟಲ್ಲ, ಮರದ್ದೇ ಗುಣ.

ಒಂದು ತುಂಡಿನ ತುದಿಯಲ್ಲಿ ಬಿಟ್ಟು ಇನ್ನೊಂದರ ತೂತಿಗೆ ತೊಡಿಸುವ ಕೂಡುನಾಲಗೆ, 3 ಇಂಚಿನ ದಪ್ಪದಲ್ಲಿ ಒಂದು ಇಂಚು, ಅಂದರೆ ಮೂರರಲ್ಲೊಂದು ಪಾಲು. ಅದಕ್ಕಿಂತ ದಪ್ಪ ಮಾಡಿದರೆ ತೂತಿನ ಎರಡು ಪಕ್ಕವೂ ತೆಳ್ಳಗಾಗಿ ಸೀಳುತ್ತದೆ. ಮುರಕಲ್ಲಿನ ಗೋಡೆ ಆಟಿಯ (ಜುಲೈ-ಆಗಸ್ಟ್) ಮಳೆಗೆ ನೀರು ಹೀರಿ ಕೂತಿರುತ್ತದೆ. ಹಾಗಾಗಿ ಗೋಡೆಗೆ ತಾಗುವ ಮೈಗೆ, ಮುಖ್ಯವಾಗಿ ಕಾಲಿನ ತುದಿಗೆ, ಎರಡು ಕೈ ಡಾಂಬರು ಪೇಂಟು ಬಳಿದೇ ಕೂರಿಸಿ. ಬೇಸಗೆಯಲ್ಲಿ ಬಾಗಿಲು ತೊಡಿಸುವುದಾದರೆ ಸುತ್ತ 3 ಮಿಲಿಮೀಟರ್ ಸಂದು ಬಿಡಿ. ಜೂನ್ ಕಳೆದ ಮೇಲೆ ಆ ಸಂದು ಅರ್ಧಕ್ಕಿಳಿದಿರುತ್ತದೆ.